ಅರ್ಧ ಶ್ರುತಿ ಮೇಲೆ

"ಮೂರು ಪಿಯಾನೋ ಟ್ರ್ಯಾಕ್ ಮಾಡಿವ್ನಿ ಟೀಚರ್. ನಿಮ್ ಗಂಟ್ಲಿಗೆ ಯಾವ್ದು ಒಗ್ಗುತ್ತೋ ಆರಿಸ್ಕೊಳಿ," ಎಂದು ಮಹದೇವು ಹೆಡ್‌ಫೋನ್ ಚಾಚಿದ. ಅವನ ನೋಟ ಅವಳ ಕಿವಿಯೋಲೆಯ ಹತ್ತಿರ ಒಂದು ಗಳಿಗೆ ನಿಂತು, ಸಿಕ್ಕಿಬಿದ್ದಂತೆ ಕೀಬೋರ್ಡಿನ ಕಡೆಗೆ ಓಡಿತು.

ಬೇರೆ ದಿನವಾಗಿದ್ದರೆ ಶಶಿರೇಖಾ ತುಟಿಯಂಚಿನಲ್ಲೇ ನಗುತ್ತಿದ್ದಳು.

ಮದ್ದೂರಿನ ಹೈಸ್ಕೂಲಿನಲ್ಲಿ ಅವಳು ವಿಜ್ಞಾನದ ಟೀಚರ್. ಚಳಿಗಾಲದಲ್ಲಿ ಥೈರಾಯ್ಡ್ ಆಪರೇಷನ್ ಆಗಿತ್ತು. ದನಿ ಮರಳಬೇಕಾದರೆ ದಿನಾ ಸ್ವಲ್ಪ ಸ್ವಲ್ಪ ಹಾಡಿ ಎಂದಿದ್ದರು ಡಾಕ್ಟರು. ಆದರೆ ಯಾರ ಮುಂದೆ ಬಾಯಿ ತೆರೆಯುವುದು? ರೆಕಾರ್ಡ್ ಮಾಡಿದ ಪಿಯಾನೋಗಾದರೆ ಕಿವಿ ಇಲ್ಲ. ಹಾಗೆಂದೇ ಅವಳು, ಮದುವೆ ಆರ್ಕೆಸ್ಟ್ರಾಗಳಿಗೆ ಕೀಬೋರ್ಡ್ ನುಡಿಸುವ ಮಹದೇವುವನ್ನು ಹುಡುಕಿಕೊಂಡು ಮಂಡ್ಯದ ಈ ಪುಟ್ಟ ಸ್ಟುಡಿಯೋಗೆ ಬಂದಿದ್ದಳು.

ಶನಿವಾರ ಬಂದರೆ ಒಂದು ಟ್ರ್ಯಾಕ್ ಒಯ್ಯುವಳು. ಮನೆಯಲ್ಲಿ ಬಾಗಿಲು ಹಾಕಿಕೊಂಡು ಹಾಡುವಳು. ಪಲ್ಲವಿ ನೆಟ್ಟಗೆ ಸಾಗುವುದು. ಚರಣದ ಮೇಲಿನ ಸ್ವರಕ್ಕೆ ಬಂದೊಡನೆ ದನಿ ಸೀಳಿಹೋಗುವುದು. ಮತ್ತೆ ಬಂದರೆ, "ಇನ್ನೊಂದು ಮಾಡ್ಕೊಡ್ತೀನಿ ಬುಡಿ," ಎನ್ನುವನು ಅವನು. ಈಚೆಗೆ ಪಾಠ ಮಾಡುವಾಗಲೂ ಅವಳ ಕೈ ಕೊರಳಿನ ಗಾಯದ ಗೆರೆಗೆ ಹೋಗುತ್ತಿತ್ತು. ಹಾಜರಿ ಕೂಗುತ್ತ ಒಂದು ಹೆಸರು ಗಂಟಲಲ್ಲಿ ಸಿಕ್ಕಿಕೊಂಡರೂ ಮೈ ತಣ್ಣಗಾಗುತ್ತಿತ್ತು.

"ಟ್ರ್ಯಾಕ್ ಬೇಡ," ಎಂದಳು. "ಇನ್ಮೇಲೆ ಹಾಡಲ್ಲ ಅಂತ ಹೇಳೋಕ್ ಬಂದೆ."

"ಯಾಕ್ ಟೀಚರ್?"

"ನನ್ ಗಂಟ್ಲು ಹೋಯ್ತು ಕಣ್ರೀ. ಅಪ್ಪ ನಡ್ಸೋ ಬುದ್ಧ ಪೂರ್ಣಿಮೆ ಕಾರ್ಯಕ್ರಮಕ್ಕೆ ಬೇರೆಯವ್ರ ಹತ್ರ ಹಾಡ್ಸಿ ಅಂತ ಅವ್ರಿಗೂ ಹೇಳ್ಬುಟ್ಟೆ."

ಮಹದೇವು ಎದ್ದು ನಿಂತ. ಮತ್ತೆ ಕೂತ.

"ನಿಮ್ ಗಂಟ್ಲು ಚೆನ್ನಾಗೇ ಐತೆ."

"ಸಮಾಧಾನ ಮಾಡ್ಬೇಡಿ."

"ಸಮಾಧಾನ ಅಲ್ಲ ಕಣಮ್ಮ. ನೀವ್ ಮಾತಾಡೋದ್ ಕೇಳೇ ನಿಮ್ ಶ್ರುತಿ ಗೊತ್ತಾಗಿತ್ತು ನಂಗೆ. ಬೇಕೂಂತ್ಲೇ ಎಲ್ಲಾ ಟ್ರ್ಯಾಕ್ನೂ ಅರ್ಧ ಶ್ರುತಿ ಮೇಲಿಟ್ಟೆ."

"ಯಾಕೆ?"

"ಸರಿಯಾಗ್ ಮಾಡ್ಕೊಟ್ರೆ ನೀವ್ ಮತ್ತೆ ಬತ್ತಿರ್ನಿಲ್ವಲ್ಲ." ಅವನು ನೆಲ ನೋಡುತ್ತಿದ್ದ. "ಒಗ್ಗಲಿಲ್ಲ ಅಂತ ಇನ್ನೊಂದ್ ಸಲ ಬತ್ತೀರಾ, ಎದುರ್ಗೆ ಕೂತ್ಕತೀರಾ. ಅಷ್ಟೇ ನನ್ ಯೋಚ್ನೆ. ನೀವ್ ಇಷ್ಟು ಎದ್ರಿಕೊಂಡಿದ್ದೀರಾ ಅಂತ ತಲೆಗೇ ಓಗ್ಲಿಲ್ಲ."

ಸಿಟ್ಟಿಗಿಂತ ಮೊದಲು, ಗಂಟಲು ಹೋಗಿಲ್ಲವೆಂಬ ನಿರಾಳದ ಉಸಿರು ಬಂತು. ಆಮೇಲೆ ಸಿಟ್ಟು.

"ದಿನಾ ಸತ್ತಿದ್ದೀನಿ ಕಣ್ರೀ ನಾನು!"

"ತಪ್ಪಾಯ್ತು. ಬಯ್ಯಿರಿ. ಹಾಡೋದ್ ಮಾತ್ರ ಬುಡ್ಬೇಡಿ."

"ಇಳಿಸ್ರೀ ಶ್ರುತಿ!"

ಅವನು ಇಳಿಸಿದ. ಪಿಯಾನೋ ಶುರುವಾಯಿತು. ಆಪರೇಷನ್ ಆದಮೇಲೆ ಮೊದಲ ಸಲ ಅವಳು ಇನ್ನೊಂದು ಜೀವದ ಮುಂದೆ ಹಾಡಿದಳು. ಚರಣ ಹತ್ತಿರವಾಗುತ್ತಿದ್ದಂತೆ ಕಣ್ಣು ಮುಚ್ಚಿಕೊಂಡಳು. ಆ ಸ್ವರ ಬಂತು. ತುಸು ಒರಟಾಗಿ, ಆದರೆ ಇಡಿಯಾಗಿ.

ಕಣ್ಣು ತೆರೆದಾಗ ಮಹದೇವು ಗೋಡೆಯ ಕಡೆ ತಿರುಗಿ ಕೂತಿದ್ದ. ಅವಳು ಟ್ರ್ಯಾಕನ್ನು ಫೋನಿಗೆ ಹಾಕಿಸಿಕೊಂಡು ಹೊರಟುಬಂದಳು.

ಬಸ್ಸು ಗೆಜ್ಜಲಗೆರೆ ದಾಟುವಾಗ ಹೊಸ ಭಯವೊಂದು ಹಿಡಿಯಿತು. ಟ್ರ್ಯಾಕ್ ಸಿಕ್ಕಿತು. ಇನ್ನು ಶನಿವಾರ ಎಲ್ಲಿಗೆ ಹೋಗುವುದು? ತಡೆಯಲಾರದೆ ಫೋನ್ ಮಾಡಿದಳು.

"ಟ್ರ್ಯಾಕ್ ಸರಿಯಾಗೈತಾ ಟೀಚರ್?"

"ಸರಿಯಾಗೈತೆ."

"ಅಂದ್ರೆ... ಇನ್ ಬರಲ್ಲ ನೀವು."

"ಸಿಟ್ಟಿನ್ನೂ ಇಳಿದಿಲ್ಲ. ಬಯ್ಯೋಕಾದ್ರೂ ನಾಳೆ ಬತ್ತೀನಿ." ಅವಳು ಕಿಟಕಿಯತ್ತ ಮುಖ ತಿರುಗಿಸಿ ನಗು ಬಚ್ಚಿಟ್ಟಳು. "ಇನ್ನೊಂದು ಮಾತು. ಪೂರ್ಣಿಮೆ ದಿನ ರೆಕಾರ್ಡಿಂಗ್ ಬೇಡ. ನೀವೇ ಬಂದು ನುಡಿಸ್ಬೇಕು, ನಮ್ಮಪ್ಪನ ಎದುರ್ಗೆ. ಆಮೇಲೆ ಅಪ್ಪನ ಜೊತೆ ನಮ್ಮಿಬ್ರ ವಿಷ್ಯ ಮಾತಾಡ್ಬೇಕು."



"ಭಯ ಆಯ್ತದೆ ಟೀಚರ್."

"ಆಗ್ಲಿ," ಎಂದಳು ಶಶಿರೇಖಾ. "ಇಷ್ಟು ದಿನ ನಾನು ಹೆದ್ರಿದ್ದೆ. ಈಗ ಸರದಿ ನಿಮ್ದು."