ಹದಿನಾಲ್ಕು ಮೊಳದ ರುಮಾಲು

ಎರಡು ಕುರಿನಾಯಿ. ಒಂದು ಕೋಲು. ಕೋಲಿನ ಹಿಂದೆ ಎಪ್ಪತ್ತು ದಾಟಿದ ಮುದುಕ.

"ನಿಲ್ಲಲೇ ಕಳ್ಳ!"

ನಿಲ್ಲೋದಾ? ನಾನಾ?

ಮಟಮಟ ಮಧ್ಯಾಹ್ನ. ತಂಬ್ರಹಳ್ಳಿ ಹೊರಗಿನ ಮೆಕ್ಕೆಜೋಳದ ಹೊಲ. ಅಂಗಿಯೊಳಗೆ ಹೊಟ್ಟೆಗೆ ಒತ್ತಿ ಹಿಡಿದ ಕೆಂಪು ರುಮಾಲು. ಒಂದು ನಾಯಿ ಪ್ಯಾಂಟಿಗೆ ಬಾಯಿ ಹಾಕಿತು. ಪರ್... ಪ್ಯಾಂಟು ಅದಕ್ಕೆ, ಕಾಲು ನನಗೆ! ಬೈಕಿಗೆ ಕಿಕ್ ಹೊಡೆದೆ. ಒಂದು... ಎರಡು... ಮೂರನೆಯದಕ್ಕೆ ಸ್ಟಾರ್ಟ್ ಆಯಿತು. ಅಷ್ಟರಲ್ಲಿ ಕೋಲು ಬೆನ್ನಿಗೆ ಬಿದ್ದಿತ್ತು.

ನನ್ನ ಹೆಸರು ಮಾರೇಶ್. ಹಗರಿಬೊಮ್ಮನಹಳ್ಳಿ ಬಸ್ ಸ್ಟ್ಯಾಂಡ್ ಎದುರು ಆಫೀಸು. ಕಳುವಾದ ಬೈಕು, ಓಡಿಹೋದ ಗಂಡ, ಕಾಣೆಯಾದ ಟ್ರ್ಯಾಕ್ಟರ್... ಹುಡುಕಿಕೊಡುವುದು ನನ್ನ ಕೆಲಸ. ಚಾಕು ತೋರಿಸಿದವರನ್ನು ನೋಡಿದ್ದೇನೆ. ಆದರೆ ಈ ರುಮಾಲು ತಲೆ ಕೆಡಿಸಿದಷ್ಟು ಯಾವ ರೌಡಿಯೂ ಕೆಡಿಸಿಲ್ಲ!

ಕೆಲಸ ಕೊಟ್ಟವನು ಗಂಗಾಧರ್. ಕೊಟ್ಟೂರಿನಲ್ಲಿ ಫೋಟೋ ಸ್ಟುಡಿಯೋ. ಅದರ ಹಿಂದಿನ ಕೋಣೆಯಲ್ಲಿ ಕೂತು ಹೆಬ್ಬೆರಳಿನ ಗೆಣ್ಣಿನಷ್ಟು ಎತ್ತರದ ಸೀಸದ ಸೈನಿಕರಿಗೆ ಬಣ್ಣ ಹಚ್ಚುತ್ತಾನೆ. ಅವರನ್ನು ಮೇಜಿನ ಮೇಲೆ ನಿಲ್ಲಿಸಿ, ದಾಳ ಉರುಳಿಸಿ, ಹಳೇ ಯುದ್ಧ ಆಡುವ ಗುಂಪೇ ಇದೆ. ಭಾನುವಾರ ದಾವಣಗೆರೆಯಲ್ಲಿ ಆಟ. ಗಂಗಾಧರನದು ಹರಪನಹಳ್ಳಿ ಪಾಳೆಗಾರರ ಪಡೆ. ನೂರಿಪ್ಪತ್ತು ಜನ. ಕೋವಿ, ಕತ್ತಿ, ಮೀಸೆ ಎಲ್ಲ ಮುಗಿದಿತ್ತು. ತಲೆ ಮಾತ್ರ ಬೋಳು.

"ಇಂಗ್ಲಿಷರ ಟೋಪಿಗೆ ಎಷ್ಟು ಗುಂಡಿ ಇದ್ವು ಅಂತ ಪುಸ್ತಕ ಐತಿ ಮಾರೇಶಣ್ಣ. ಇನ್ನೂರೈವತ್ತು ವರ್ಷದ ಹಿಂದ ನಮ್ಮೋರ ತಲಿಮ್ಯಾಲೆ ಏನಿತ್ತು? ಒಂದು ಚಿತ್ರ ಸಿಗವಲ್ದು!"

ಹೋದ ವರ್ಷ ಅಂದಾಜಿಗೆ ಎಲ್ಲರ ತಲೆಗೂ ಮೈಸೂರು ಪೇಟ ಇಟ್ಟಿದ್ದ. ಅದೇ, ಸನ್ಮಾನಕ್ಕೆ ಹಾಕುತ್ತಾರಲ್ಲ, ಅದು. ಎದುರು ಪಡೆ ಆಡುವ ದಾವಣಗೆರೆಯ ಕ್ರಾಂತಿಕುಮಾರ್ ಭೂತಗನ್ನಡಿ ಹಿಡಿದು ನೋಡಿದ. "ಶಾಲು, ಹಣ್ಣಿನ ಬುಟ್ಟಿ ಎಲ್ಲಿ ಸಾರ್?" ಅಂದ. ಹಾಲ್ ಪೂರ್ತಿ ನಕ್ಕಿತಂತೆ. ಗಂಗಾಧರ ಆರು ತಿಂಗಳು ಬ್ರಶ್ ಮುಟ್ಟಲಿಲ್ಲ. ಈ ಸಲವೂ ತಪ್ಪಿದರೆ ಸೈನಿಕರನ್ನೆಲ್ಲ ಕರಗಿಸಿಬಿಡುತ್ತೇನೆ ಅಂತ ಕೂತಿದ್ದ.

ಮೂರು ವಾರ ಅಲೆದೆ. ಹರಪನಹಳ್ಳಿಯಲ್ಲಿ ಕತೆ ಹೇಳಿದರು. ಹಡಗಲಿಯಲ್ಲಿ ಚಹಾ ಕೊಟ್ಟರು. ಕೂಡ್ಲಿಗಿಯಲ್ಲಿ ಒಬ್ಬ, ತಾತನ ಕಾಲದ್ದು ಅಂತ, ಹೆಲ್ಮೆಟ್ಟೇ ತಂದುಕೊಟ್ಟ. ಅದರ ಮೇಲೆ ಐಎಸ್ಐ ಮಾರ್ಕ್ ಇತ್ತು!

ಕೊನೆಗೆ ಸಿಕ್ಕಿದ್ದು ತಂಬ್ರಹಳ್ಳಿಯ ಪಾಲಾಕ್ಷಪ್ಪನ ಮನೆ. ಕುರಿ ಸಾಕುವ ಮನೆತನ. ಅವರ ಹಿರಿಯನೊಬ್ಬ ಪಾಳೆಗಾರನ ಕೋವಿಯವನು. ದೇವರ ಕೋಣೆಯಲ್ಲಿ, ತಲೆಯಷ್ಟು ದಪ್ಪದ ಮರದ ಗುಂಡಿನ ಮೇಲೆ, ಅವನ ರುಮಾಲು!

"ಒಂದು ಫೋಟೋ ಹೊಡಕೊಳ್ಳಲೇನ್ರಿ?"

"ಹಿರೇರ ಫೋಟೋ ತೆಗಿಯಂಗಿಲ್ಲ."

"ಮುಟ್ಟಿ ನೋಡ್ಲೇನ್ರಿ?"

"ನಡೀರಿ ಹೊರಗ."

ನಾಲ್ಕು ದಿನ ಕೈಮುಗಿದೆ. ಐದನೇ ದಿನ ಎತ್ತಿಕೊಂಡು ಓಡಿದೆ. ಎರಡು ದಿನ ಬಿಟ್ಟು ವಾಪಸ್ ಇಡೋಣ ಅಂತ. ತಪ್ಪೇ, ಒಪ್ಪಿದೆ. ತಾಳ್ಮೆ ಮುಗಿದಿತ್ತು.

ರೈಲ್ವೆ ಗೇಟಿನ ಹತ್ತಿರ ಬೈಕ್ ನಿಲ್ಲಿಸಿದೆ. ಬಟ್ಟೆ ಎಷ್ಟು ಹಳೇದು ನೋಡೋಣ ಅಂತ ಬಿಚ್ಚಿದೆ. ಸುತ್ತು ಮೇಲೆ ಸುತ್ತು, ಹದಿನಾಲ್ಕು ಮೊಳ! ಕೊನೇ ತುದಿಯಲ್ಲಿ ಒಂದು ಚೀಟಿ...

ಕೊಟ್ಟೂರಿನ ಬಟ್ಟೆ ಅಂಗಡಿಯದು. ಹೋದ ವರ್ಷದ ಸ್ಟಾಕು!

ಥೂ! ಇದಕ್ಕಾಗಿ ನಾಯಿ ಬಾಯಿಗೆ ಬಿದ್ದೆನಾ? ರುಮಾಲನ್ನು ನೆಲಕ್ಕೆ ಒಗೆದೆ. ಆಮೇಲೆ ಧೂಳು ಕೊಡವಿ, ಕೊಟ್ಟೂರಿಗೆ ಹೋಗಿ ಗಂಗಾಧರನ ಮೇಜಿನ ಮೇಲೆ ಗುಡ್ಡೆ ಹಾಕಿದೆ.

"ಡೂಪ್ಲಿಕೇಟು!" ಅಂದೆ.

ಬಾಗಿಲಲ್ಲಿ ಅವನ ತಾಯಿ ಕೊಟ್ರಮ್ಮ ನಿಂತಿದ್ದರು.

"ಯಾಕಪ್ಪಾ, ಹಿರೇರಿಗೆ ಯಾರಾದ್ರೂ ಹಳೇ ಅರಿವಿ ಏರಸ್ತಾರೇನು? ವರ್ಷಾ ಹಬ್ಬಕ್ಕ ಹೊಸಾದು ತರ್ತಾರ. ಅರಿವಿ ಹೊಸಾದು, ಸುತ್ತೋದು ಹಳೇದು."

ಗಂಗಾಧರ ನನ್ನ ಕಡೆ ತಿರುಗಿದ. "ಬಿಚ್ಚಿದಿಯೇನಣ್ಣ?"

"...ಬಿಚ್ಚಿದೆ."

"ಹೆಂಗ ಸುತ್ತಿದ್ರು, ನೆನಪೈತೇನು?"

ಇಲ್ಲ! ಇನ್ನೂರೈವತ್ತು ವರ್ಷ ಉಳಿದ ಸುತ್ತು ನನ್ನ ಕೈಯಲ್ಲೇ ಇತ್ತು. ಮೂರು ನಿಮಿಷದಲ್ಲಿ ಹಾಳು ಮಾಡಿದ್ದೆ. ಅದನ್ನು ಮತ್ತೆ ಸುತ್ತಬಲ್ಲವನು ಒಬ್ಬನೇ. ಅವನ ಕೈಯಲ್ಲಿ ಕೋಲು.

ಹಿಂದಿನ ಸೀಟಿನಲ್ಲಿ ಗಂಗಾಧರ. ವಾಪಸ್ ತಂಬ್ರಹಳ್ಳಿ. ಪಾಲಾಕ್ಷಪ್ಪ ಕಟ್ಟೆ ಮೇಲೆ ಕೂತಿದ್ದ. ಬಟ್ಟೆಯನ್ನು ಅವನ ಕಾಲ ಬಳಿ ಇಟ್ಟು ಕೈಮುಗಿದೆ.

"ಬಿಚ್ಚೀಯೇನಲೇ! ಪೊಲೀಸ್ರಿಗೆ ಕೊಡ್ಲೋ, ನಾಯಿ ಬಿಡ್ಲೋ?"

ಗಂಗಾಧರ ಜೇಬಿನಿಂದ ಬೆಂಕಿಪೊಟ್ಟಣ ತೆಗೆದ. ಒಳಗೆ ಹತ್ತಿಯಲ್ಲಿ ಸುತ್ತಿದ ಒಬ್ಬ ಬೋಳುತಲೆ ಸೈನಿಕ. ಮುದುಕನ ಅಂಗೈ ಮೇಲೆ ನಿಲ್ಲಿಸಿದ.

"ಅಜ್ಜಾ, ಇವನು ನಿಮ್ಮ ಹಿರೇನು. ತಲಿಮ್ಯಾಲಿಂದು ನನಗ ಗೊತ್ತಿರ್ಲಿಲ್ಲ. ತಪ್ಪು ಮಾಡಿದೆ. ಎಲ್ಲಾರೂ ನಕ್ರು."

"ನಮ್ಮ ಹಿರೇನ್ನ ನೋಡಿ ನಕ್ರೇನು?"

"ಹೂಂ ಅಜ್ಜಾ."

ಮುದುಕ ಸೈನಿಕನ ಬೋಳುತಲೆಯನ್ನು ಬೆರಳಿಂದ ಸವರಿದ. ಆಮೇಲೆ ನನ್ನ ತಲೆ ನೋಡಿದ.

"ಮರದ ಗುಂಡಿನ ಮ್ಯಾಲೆ ಸುತ್ತಾಕ ಬರಂಗಿಲ್ಲ. ಮೊದ್ಲು ಮನಶಾನ ತಲಿಮ್ಯಾಲೆ ಸುತ್ತಬೇಕು. ಕುಂದ್ರಲೇ ಕಳ್ಳ!"

ಕೂತೆ. ಬೆನ್ನಿಗೆ ಮೊಣಕಾಲು ಒತ್ತಿ ಬಟ್ಟೆ ಎಳೆದ. ಕಣ್ಣಲ್ಲಿ ನೀರು! ಎಡಗಿವಿ ಬಿಟ್ಟ. ಬಲಗಿವಿಯನ್ನು ಎರಡು ಸುತ್ತು ಬಿಗಿದು ಮುಚ್ಚಿದ.

"ಬಲಗಿವಿ ಯಾಕ್ರಿ?"

"ಕೋವಿ ಮದ್ದು ಅತ್ಲಾಗ ಸಿಡೀತಿತ್ತು. ನಿಮ್ಮಪ್ಪ ಬಂದು ಕೈ ಅಡ್ಡ ಹಿಡೀತಿದ್ನೇನು?" ಗಂಗಾಧರನ ಕಡೆ ತಿರುಗಿ, "ಫೋಟೋ ಬ್ಯಾಡ. ಕೈಲೆ ಬರ್ಕೋ," ಅಂದ.

ಗಂಗಾಧರ ಬರೆದ. ಕೆಲಸ ಮುಗಿದರೂ ಮುದುಕ ನನ್ನನ್ನು ಬಿಡಲಿಲ್ಲ. ಹೊತ್ತು ಮುಳುಗುವ ತನಕ ಆ ರುಮಾಲು ಹೊತ್ತು ಕೂರುವುದೇ ನನಗೆ ಶಿಕ್ಷೆ. ಎರಡೂ ಕಡೆ ನಾಯಿ. ಕೆರೆದುಕೊಳ್ಳಲೂ ಕೈ ಎತ್ತುವಂತಿಲ್ಲ.

ಭಾನುವಾರ, ದಾವಣಗೆರೆ. ಕ್ರಾಂತಿಕುಮಾರ್ ಅದೇ ಭೂತಗನ್ನಡಿ ಹಿಡಿದು ಸೈನಿಕರ ಹೊಸ ರುಮಾಲಿನಲ್ಲಿ ಹತ್ತು ನಿಮಿಷ ತಪ್ಪು ಹುಡುಕಿದ.

"ಬಲಗಿವಿ ಯಾಕೆ ಮುಚ್ಚಿದೆ?"

ಗಂಗಾಧರ ಹೇಳಿದ. ಕ್ರಾಂತಿಕುಮಾರ್ ಭೂತಗನ್ನಡಿ ಕೆಳಗಿಟ್ಟ. ಯಾರೂ ನಗಲಿಲ್ಲ. ಗಂಗಾಧರನ ಮುಖ ನೋಡಿದೆ. ಬೆನ್ನಿನ ಬಾಸುಂಡೆ ಮರೆತುಹೋಯಿತು.

ಆಗ ಮೇಜಿನ ಕಡೆ ಬಗ್ಗಿದೆ. ಮುಂದಿನ ಸಾಲಿನ ಮೊದಲ ಸೈನಿಕನಿಗೆ ನನ್ನದೇ ಸೊಟ್ಟ ಮೂಗು, ನನ್ನದೇ ಮೀಸೆ! ಗಂಗಾಧರನ ಥ್ಯಾಂಕ್ಸ್ ಅದು.

ದಾಳ ಉರುಳಿತು.

ಮೊದಲನೇ ಸುತ್ತಿನಲ್ಲೇ ಸತ್ತೆ... ರುಮಾಲು ಮಾತ್ರ ಅಲುಗಲಿಲ್ಲ!