ಬಿಳಿ ತಟ್ಟೆಯ ಮೇಲಿನ ಬೂದಿ

ಹಿಮದಡಿಯ ಬೆಟ್ಟ ಬೆಂಕಿ ಉಗುಳಿತು. ಕರಗಿದ ನೀರು ಸೇತುವೆಯನ್ನು ಕೊಚ್ಚಿಕೊಂಡು ಹೋಯಿತು. ಅದೇ ದಿನ ಥೋರ್ಡಿಸಳ ತಾಯಿಗೆ ಎದೆನೋವು ಬಂತು. ಐಸ್‌ಲ್ಯಾಂಡಿನ ಪೂರ್ವದ ಹೊಪ್ನ್ ಊರಿನ ಪುಟ್ಟ ಆಸ್ಪತ್ರೆಯಿಂದ ಅವಳನ್ನು ರಾಜಧಾನಿ ರೇಕ್ಯಾವಿಕ್‌ಗೆ ಸಾಗಿಸಲು ಇನ್ನು ವಿಮಾನವೊಂದೇ ದಾರಿ.

ಎಂಜಿನ್ನಿಗೆ ಹೊಕ್ಕ ಬೂದಿ ಕರಗಿ ಗಾಜಾಗಿ ಅಂಟಿಕೊಳ್ಳುತ್ತದೆ. ಬೂದಿ ತಗ್ಗಿನಲ್ಲೇ ಇದ್ದರೆ ಗಾಳಿ ಕಡಲಿಗೆ ಒಯ್ಯುತ್ತದೆ. ಮೇಲೇರಿದ್ದರೆ ಹೊಪ್ನ್ ಕಡೆಗೇ ತರುತ್ತದೆ. ಬೂದಿಯ ಎತ್ತರ ತೋರಿಸುವ ರೇಡಾರ್ ಕೆಟ್ಟಿತ್ತು, ಊರಿಗೆ ಮೋಡ ಕವಿದಿತ್ತು. ಪಕ್ಕದ ಹಿಮಬೆಟ್ಟ ಹತ್ತಿ, ಮೋಡದ ಮೇಲೆ ನಿಂತು ಕಣ್ಣಾರೆ ಅಳೆಯಬೇಕಿತ್ತು. ಅದು ಹವಾಮಾನ ವೀಕ್ಷಕಿ ಥೋರ್ಡಿಸಳ ಕೆಲಸ.

"ಹೋಗಿ ಬಾ," ಎಂದಳು ತಾಯಿ. "ಬೇಲಿ ಕಂಬದ ಮೇಲೆ ತಟ್ಟೆ ಇಟ್ಟಿದೀಯಾ?"

ಬೆಟ್ಟ ಹೊಗೆಯಾಡಿದಾಗಲೆಲ್ಲ ಬೂದಿ ಬಿತ್ತೋ ಇಲ್ಲವೋ ನೋಡಲು ಅವಳು ಬಿಳಿ ತಟ್ಟೆ ಇಡಿಸುತ್ತಿದ್ದಳು.

"ಇಟ್ಟಿದೀನಮ್ಮ."

ಹಿಮಬೆಟ್ಟದ ಬುಡದಲ್ಲಿ ದಾರಿ ಬಲ್ಲ ಮುದುಕ ಓಡ್ಡುರ್ ಇಬ್ಬರ ಸೊಂಟಕ್ಕೂ ಒಂದೇ ಹಗ್ಗ ಬಿಗಿದ. "ನೀ ಬಿದ್ರೆ ಎಳೆಯೋ ಶಕ್ತಿ ನನಗಿಲ್ಲ ಹುಡುಗಿ."

"ನೀ ಬಿದ್ರೆ ನಾನೂ ಎಳೆಯಲ್ಲ. ನೀ ತಿನ್ನೋ ಕುರಿತಲೆ ಎಷ್ಟು ಅಂತ ನೋಡಿದೀನಿ."

ಬಿದ್ದದ್ದು ಅವನೇ. ಕಾಲಡಿಯ ಹಿಮ ಕುಸಿಯಿತು. ಹಗ್ಗ ಸರ್ರನೆ ಬಿಗಿಯಿತು. ಥೋರ್ಡಿಸ್ ಹಿಮಗೊಡಲಿ ನೆಟ್ಟು ಅದರ ಮೇಲೆ ಬಿದ್ದಳು.

"ನೀ ಎಳೆಯಲ್ಲ ಅಂದಿದ್ದೆ!" ಬಿರುಕಿನಿಂದ ತೆವಳಿ ಬಂದವನು ಏದುಸಿರಲ್ಲೇ ನಕ್ಕ.

ಇಬ್ಬರೂ ಮೋಡ ದಾಟಿ ಮೇಲೆ ಬಂದರು. ಬಿಳಿಯ ಬಯಲಿನಾಚೆ ಕಪ್ಪು ಕಂಬವೊಂದು ಸುರುಳಿ ಸುರುಳಿಯಾಗಿ ಏಳುತ್ತಿತ್ತು. ಅದರ ಹೊಟ್ಟೆಯೊಳಗೆ ಮಿಂಚು ಸದ್ದಿಲ್ಲದೆ ಹರಿದಾಡುತ್ತಿತ್ತು. ಅವಳು ಕೋನಮಾಪಕ ಹಿಡಿದು ಅಳೆದಳು. ಕೈ ಒರೆಸಿಕೊಂಡು ಮತ್ತೆ ಅಳೆದಳು. ಮೊದಲಿನಷ್ಟೇ ಬಂತು.

ರೇಡಿಯೋದಲ್ಲಿ ರೇಕ್ಯಾವಿಕ್‌ನ ಮುನ್ಸೂಚನೆ ಕಚೇರಿಯ ಬಿರ್ನಾ: "ಥೋರ್ಡಿಸ್, ಪೈಲಟ್‌ಗಳು, ನರ್ಸ್ ಎಲ್ಲಾ ವಿಮಾನ ಹತ್ತಿ ಕೂತಿದಾರೆ. ಎಷ್ಟಿದೆ ಹೇಳು!"

ಅವಳು ಹೇಳಿದ್ದೇ ಲೆಕ್ಕ. ಓಡ್ಡುರ್ ಬೇರೆ ಕಡೆ ಮುಖ ತಿರುಗಿಸಿದ.

"ಒಂಬತ್ತು ಕಿಲೋಮೀಟರ್. ತುದಿ ಪೂರ್ವಕ್ಕೆ, ಹೊಪ್ನ್ ಕಡೆಗೇ ಬಾಗಿದೆ. ವಿಮಾನ ಬಿಡಬೇಡಿ."

"ಆದ್ರೆ ನಿನ್ನಮ್ಮ…"

"ಗೊತ್ತು ಬಿರ್ನಾ. ಬೂದಿಯ ನಕ್ಷೆ ಬರಿ."

ಇಳಿಯುವಾಗ ಬೂದಿ ಹಗಲನ್ನೇ ನುಂಗಿತು. ಒಬ್ಬರ ಕೆಮ್ಮು ಕೇಳಿ ಇನ್ನೊಬ್ಬರು ನಡೆದರು. ಆಸ್ಪತ್ರೆ ಮುಟ್ಟಿದಾಗ ತಾಯಿಯ ಮುಖಕ್ಕೆ ಹೊದಿಕೆ ಎಳೆದಿದ್ದರು.

ಮನೆಯ ಬೇಲಿಯ ಬಳಿ ಅವಳಿಗೆ ಬಿರ್ನಾಳ ಫೋನ್ ಬಂತು. "ಪೈಲಟ್‌ಗಳು ಮನೆಗೆ ಹೋದ್ರು ಥೋರ್ಡಿಸ್. ನೀನು ಹೇಳದಿದ್ರೆ ಈ ಬೂದಿಯೊಳಗೇ ಹಾರ್ತಿದ್ರು."

ತಟ್ಟೆ ಬೂದಿಯಿಂದ ತುಂಬಿತ್ತು. ತಾಯಿ ಮಾಡುತ್ತಿದ್ದಂತೆ ಬೆರಳಿನಿಂದ ಅದರಲ್ಲೊಂದು ಗೆರೆ ಎಳೆದಳು. ದಪ್ಪ ಎಷ್ಟೆಂದು ಬಿರ್ನಾಳಿಗೆ ಹೇಳಿದಳು. ತಟ್ಟೆ ತೊಳೆದು, ಒರೆಸಿ, ಅದೇ ಕಂಬದ ಮೇಲಿಟ್ಟಳು. ಬೆಟ್ಟ ಇನ್ನೂ ಉಗುಳುತ್ತಿತ್ತು.