ತಲೆ ಕೊಯ್ದ ಏಳು ಮೂಲಂಗಿ

ಬಿತ್ತನೆಗೆಂದು ಎತ್ತಿಟ್ಟ ಏಳು ಮೂಲಂಗಿಗಳಲ್ಲಿ ಒಂದಕ್ಕೂ ತಲೆ ಇರಲಿಲ್ಲ.

ಊರಿನ ಗೋಬಾ, ಅಂದರೆ ಯಜಮಾನ, ಮೋರುಪ್ ನೆಲಗುಂಡಿಯೊಳಗೆ ಮಂಡಿಯೂರಿದ. ಯಜಮಾನಿಕೆಯ ಪಾಳಿ ಬಂದು ಇನ್ನೂ ವರ್ಷವಾಗಿಲ್ಲ, ಆಗಲೇ ಇಂಥ ತಲೆನೋವು. ಚಳಿಗಾಲಕ್ಕೆ ಹೂಳುವಾಗ ತಿನ್ನುವ ಮೂಲಂಗಿಯ ತಲೆ ಕೊಯ್ಯುತ್ತಾರೆ, ಬಿತ್ತನೆಯದನ್ನು ಹಾಗೇ ಇಟ್ಟು, ಚಳಿ ಕಳೆದ ಮೇಲೆ ಬೀಜಕ್ಕೆಂದು ಮತ್ತೆ ನೆಡುತ್ತಾರೆ. ತಲೆ ಹೋದರೆ ಚಿಗುರಿಲ್ಲ, ಬೀಜವೂ ಇಲ್ಲ.

"ಇವಳದೇ ಕೆಲಸ," ಮೇಲೆ ನಿಂತಿದ್ದ ಮನೆಯೊಡತಿ ಯಾಂಗ್ಡೋಲ್ ಸೊಸೆಯತ್ತ ಕೈ ತೋರಿದಳು. "ಲೇಹ್ ಪೇಟೆಯವಳು, ಏನು ಗೊತ್ತು? ನಿನ್ನೆ ಅಡುಗೆಗೆ ಅಂತ ಇಳಿದು ಎಲ್ಲಾ ಕತ್ತರಿಸಿದಾಳೆ. ನಮ್ಮತ್ತೆ ಕಾಲದ ಬೀಜ. ಇವತ್ತೇ ತವರಿಗೆ ಹೊರಡಲಿ."

"ನಾನು ಮುಟ್ಟಿಲ್ಲ, ಅಮಾ-ಲೇ," ಎಂದಳು ಚೋರೊಲ್. ಬೆಳಗಿನಿಂದ ಅದನ್ನೇ ಹೇಳುತ್ತಿದ್ದಳು.

"ಮತ್ತೆ ಮೂಲಂಗಿ ತಾವೇ ಕತ್ತು ಕುಯ್ಕೊಂಡ್ವಾ?" ನಕ್ಕವನು ಪಕ್ಕದ ಮನೆಯ ರಿಗ್ಜಿನ್.

ಆ ನಗು ಮೋರುಪನಿಗೆ ಹಿಡಿಸಲಿಲ್ಲ.

"ಗುಂಡಿಯ ಬಾಯಿ ತೆಗೆದಿದ್ದು ಯಾರು?"

"ಮೊನ್ನೆ ನಾನೇ," ಎಂದ ರಿಗ್ಜಿನ್. "ಮಣ್ಣು ಕಲ್ಲಾಗಿತ್ತು, ಹೆಂಗಸರ ಕೈಲಿ ಆಗುತ್ತಾ? ಇವರೆಲ್ಲ ಗೊಂಪಾಗೆ ಪೂಜೆಗೆ ಹೋಗಿದ್ರು, ಒಬ್ಬನೇ ಅಗೆದೆ."

"ಒಳಗಿಳಿದ್ಯಾ?"

"ನಂಗ್ಯಾಕೆ?"

ಮೋರುಪ್ ಒಂದು ಮೂಲಂಗಿಯನ್ನು ಬೆಳಕಿಗೆ ಹಿಡಿದು ಉಗುರಿನಿಂದ ಕೆರೆದ.

"ಅಕ್ಕಾ, ನೀವು ಹೂಳೋದು ಯಾವುದರಲ್ಲಿ?"

"ತೋಟದ ಮಣ್ಣಲ್ಲಿ. ಯಾಕೆ?"

"ಎಲ್ಲರೂ ತಲೆ ಇಲ್ಲ ಅಂತ ನೋಡಿದ್ರಿ, ಗಾಯ ನೋಡಲಿಲ್ಲ. ನಿನ್ನೆ ಕೊಯ್ದಿದ್ರೆ ಹಸಿಯಾಗಿ ಬೆಳ್ಳಗಿರ್ಬೇಕಿತ್ತು. ಇದು ಕಂದಿ ಚರ್ಮ ಕಟ್ಟಿದೆ — ಕೊಯ್ದು ಐದಾರು ತಿಂಗಳಾಗಿದೆ. ಇವು ನಿಮ್ಮ ಬಿತ್ತನೆ ಮೂಲಂಗಿಯೇ ಅಲ್ಲ. ಯಾರೋ ತಿನ್ನೋ ಮೂಲಂಗಿ ಇಟ್ಟು ನಿಮ್ಮದನ್ನು ಒಯ್ದಿದಾರೆ. ಬೇರಿನ ಎಳೆಗಳಲ್ಲಿ ಹೊಳೆ ಮರಳಿದೆ. ಈ ಊರಲ್ಲಿ ಮರಳಲ್ಲಿ ಹೂಳೋನು ಒಬ್ಬನೇ. ಅಲ್ವಾ ರಿಗ್ಜಿನ್?"

ರಿಗ್ಜಿನ್ ತಲೆ ತಗ್ಗಿಸಿದ. "ನಮ್ಮ ಗುಂಡಿಯ ಗಾಳಿಕಿಂಡಿ ಮುಚ್ಚೋದು ಮರ್ತಿದ್ದೆ. ಕಿಂಡಿ ಹತ್ರ ಇದ್ದ ಬಿತ್ತನೆಯವೆಲ್ಲ ಹೆಪ್ಪುಗಟ್ಟಿ ಹೋದ್ವು. ಊರವರ ಮುಂದೆ ಹೇಳೋಕೆ ನಾಚ್ಕೆ ಆಯ್ತು."

"ನಾಚ್ಕೆ ನಿನಗೆ, ತವರಿಗೆ ಹೊರಡೋದು ಈ ಹುಡುಗೀನಾ?" ಮೋರುಪನಿಗೆ ಸಿಟ್ಟು ನೆತ್ತಿಗೇರಿತ್ತು. "ಹೋಗು, ಏಳನ್ನೂ ತಗೊಂಡು ಬಾ."

ಅವನು ಹೋದ ಮೇಲೂ ಯಾಂಗ್ಡೋಲ್ ಸೊಸೆಯ ಮುಖ ನೋಡಲಿಲ್ಲ.

"ಈ ಸಲ ಬಿತ್ತನೆ ಮೂಲಂಗೀನ ನೀನೇ ನೆಡು," ಎಂದಳು ಕೊನೆಗೆ.

"ನೆಡೋಕೆ ನಂಗೆ ಬರಲ್ಲ, ಅಮಾ-ಲೇ. ಅದಕ್ಕೇ ಅಲ್ವಾ ತಪ್ಪು ನನ್ನ ಮೇಲೆ ಬಂದಿದ್ದು?" ಎಂದಳು ಚೋರೊಲ್. "ಬೈಯೋ ಮೊದಲು ಹೇಳಿಕೊಡಿ."